ಮಾಮಾನ ಕಾರು ಮತ್ತು ಐವತ್ತು ಕೋನು

ನಮ್ಮ ಮಾಮಾ, ಅಂದರೆ ನನ್ನ ಅವ್ವನ ತಮ್ಮ, ಇಡೀ ಇಳಕಲ್ಲಿನಲ್ಲಿ ಅತ್ಯಂತ ವೇಗವಾಗಿ ಎಲ್ಲಿಗೂ ಹೋಗದ ಮನುಷ್ಯ. ಒಗಟು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಅಕ್ಷರಶಃ ನಿಜ. ಅವರ ಬಳಿ ಒಂದು ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರಿದೆ. ಅದನ್ನು ಹತ್ತಿ, ಬೆಲ್ಟ್ ಬಿಗಿದು, ಹಲ್ಲು ಕಚ್ಚಿ, ಧೂಳೆಬ್ಬಿಸಿಕೊಂಡು ಅವರು ಹೋಗುವುದು ಹೊರಟ ಜಾಗಕ್ಕೇ ವಾಪಸ್ಸು. ನಡುವೆ ಸುಮಾರು ಒಂದು ನಿಮಿಷ ಕಳೆದಿರುತ್ತದೆ. ಆ ಒಂದು ನಿಮಿಷಕ್ಕಾಗಿ ವಾರಗಟ್ಟಲೆ ಕಾರಿನ ಕೆಳಗೆ ಅಂಗಾತ ಮಲಗಿರುತ್ತಾರೆ.

ಈ ಆಟಕ್ಕೆ ಆಟೊಕ್ರಾಸ್ ಎಂದು ಹೆಸರು. ಬಯಲಿನಲ್ಲಿ, ರಸ್ತೆ ರಿಪೇರಿಯವರು ಇಡುವಂಥ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಅಂಕುಡೊಂಕಾದ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಎದುರಾಳಿ ಇರುವುದಿಲ್ಲ, ಗಡಿಯಾರ ಮಾತ್ರ. ಒಂದು ಕೋನು ಬೀಳಿಸಿದರೆ ಎರಡು ಸೆಕೆಂಡು ದಂಡ. ಇಷ್ಟನ್ನು ಮಾಮಾ ಒಮ್ಮೆ ಮಾಮಿಗೆ ಬಹಳ ಶ್ರದ್ಧೆಯಿಂದ, ಊಟದ ತಟ್ಟೆಯ ಸುತ್ತ ಹಸಿಮೆಣಸಿನಕಾಯಿಗಳನ್ನು ನಿಲ್ಲಿಸಿ ವಿವರಿಸಿದರು. ಮಾಮಿ ಪೂರ್ತಿ ಕೇಳಿ, ಒಂದು ಮೆಣಸಿನಕಾಯಿ ಎತ್ತಿ ಕಚ್ಚಿಕೊಂಡು ಹೇಳಿದರು:

"ನಮ್ಮ ತವರಮನ್ಯಾಗ ಎಮ್ಮಿನೂ ದಿನಾ ಗೂಟದ ಸುತ್ತ ತಿರಗತಿತ್ತು. ಅದಕ್ಕ ಯಾರೂ ಕಪ್ ಕೊಡಲಿಲ್ಲ."

ಆ ಕಾರು ನಮ್ಮ ಮನೆತನಕ್ಕೆ ಬಂದದ್ದೇ ಒಂದು ಗೊಂದಲದಿಂದ. ಮಾಮಾನದು ನಾಲ್ಕು ವಿದ್ಯುತ್ ಮಗ್ಗಗಳ ಒಂದು ಶೆಡ್ಡು. ಮಗ್ಗವೊಂದರ ಮೋಟಾರು ಸುಟ್ಟಿತ್ತು. ಹೊಸದು ತರಲು ಇಚಲಕರಂಜಿಗೆ ಹೋದರು. ಎರಡು ದಿನ ಬಿಟ್ಟು ವಾಪಸ್ಸು ಬಂದಾಗ ಶೆಡ್ಡಿನ ಮುಂದೆ ನೆಲಕ್ಕೆ ಅಂಟಿಕೊಂಡಂತಿದ್ದ ಒಂದು ಕೆಂಪು ಕಾರು ನಿಂತಿತ್ತು. ಮೋಟಾರಿನ ಅಂಗಡಿಯವನ ಗೋದಾಮಿನಲ್ಲಿ ಅದು ತಾಡಪತ್ರಿ ಹೊದ್ದು ಮಲಗಿತ್ತಂತೆ. ಮಾಮಾ ತಾಡಪತ್ರಿ ಎತ್ತಿ ನೋಡಿದರಂತೆ. ಅಷ್ಟೇ.

ಮಾಮಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಬಾಗಲಾ ಎರಡ ಅದಾವಲ್ರಿ."

"ಇದಕ್ಕ ಎರಡ ಇರ್ತಾವ."

"ಉಳಿದೆರಡು ಅವರ ಕಡೆ ಉಳಿದಾವೇನು? ಕೇಳಿ ಇಸ್ಕೊಂಡ ಬರಬೇಕಿಲ್ರಿ."

"ಸ್ಪೋರ್ಟ್ಸ್ ಗಾಡಿ ಇದು. ಹಿಂದ ಯಾರೂ ಕೂಡೂದಿಲ್ಲ."

"ಮತ್ತ ನಾ ಎಲ್ಲಿ ಕೂಡಬೇಕು?"

ಈ ಪ್ರಶ್ನೆಗೆ ಮಾಮಾ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಸರಿಯಾಗಿ ಹೇಳಬೇಕೆಂದರೆ, ಉತ್ತರವನ್ನು ಮಾಮಿಯೇ ಕಂಡುಕೊಂಡರು. ಮುಂದಿನ ಎಡಗಡೆಯ ಸೀಟನ್ನು ಹಿಂದಕ್ಕೆ ತಳ್ಳಿ, ಸೆರಗು ಸರಿಮಾಡಿಕೊಂಡು ಕುಳಿತುಬಿಟ್ಟರು. ಮೋಟಾರು ತರಲು ಮರುದಿನ ಬೇರೆ ಯಾರೋ ಹೋದರು.

ಟರ್ಬೊ ಎಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಎಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆಯಿಂದ ಒಂದು ಪುಟ್ಟ ಗಾಲಿ ತಿರುಗುತ್ತದೆ. ಅದು ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತದೆ. ಕಾರು ಇನ್ನಷ್ಟು ಓಡುತ್ತದೆ. ಹೊಗೆಯನ್ನೂ ಸುಮ್ಮನೆ ಹೋಗಗೊಡದೆ ದುಡಿಸಿಕೊಳ್ಳುವ ಯಂತ್ರ ಇದು. ಹರಿದ ಎಳೆಯನ್ನೂ ಎಸೆಯದೆ ಗಂಟು ಹಾಕಿ ನೇಯುವ ನಮ್ಮ ಜನಕ್ಕೆ ಇದು ಹಿಡಿಸದೆ ಇರುತ್ತದೆಯೇ? ಆದರೆ ಹಳೆಯ ಟರ್ಬೊಗೆ ಒಂದು ಕಟ್ಟಳೆ ಇದೆ. ಓಡಿ ಬಂದ ಕೂಡಲೇ ಎಂಜಿನ್ನು ಬಂದ್ ಮಾಡಬಾರದು. ಒಳಗಿನ ಗಾಲಿ ಕಾದು ಕೆಂಡವಾಗಿರುತ್ತದೆ. ಎಣ್ಣೆ ಹರಿದು ಅದು ತಣಿಯುವವರೆಗೆ ಎರಡು ನಿಮಿಷ ಕಾರನ್ನು ಸುಮ್ಮನೆ ಗುರುಗುಡಲು ಬಿಡಬೇಕು. ಮಾಮಾ ಆ ಎರಡು ನಿಮಿಷ ಕಾರಿನಿಂದ ಇಳಿಯುವುದಿಲ್ಲ. ಜೊತೆಗಿದ್ದವರನ್ನೂ ಇಳಿಯಗೊಡುವುದಿಲ್ಲ. ಬಾಗಿಲು ಬಡಿದರೆ ಟರ್ಬೊಗೆ ಗಾಬರಿಯಾಗುತ್ತದೆ ಎಂಬುದು ಅವರ ಸ್ವಂತ ಸಿದ್ಧಾಂತ.

ಮಾಮಿಯ ತವರು ಬಾದಾಮಿ. ಅಲ್ಲಿ ಅವರ ಅಣ್ಣನ ಮಗಳ ಮದುವೆ. ಇಬ್ಬರೂ ಕಲ್ಯಾಣ ಮಂಟಪದ ಎದುರು ಬಂದು ನಿಂತಾಗ ಒಳಗೆ ಗಟ್ಟಿಮೇಳ ಶುರುವಾಗಿತ್ತು. ಮಾಮಿ ಬಾಗಿಲಿಗೆ ಕೈ ಹಾಕಿದರು.

"ಎರಡು ನಿಮಿಷ," ಅಂದರು ಮಾಮಾ.

"ತಾಳಿ ಕಟ್ಟಾಕತ್ತಾರ್ರಿ."

"ತಾಳಿ ಕಟ್ಟಿದ ಮ್ಯಾಲೂ ಅವರು ಅಲ್ಲೇ ಇರ್ತಾರ. ಟರ್ಬೊ ಹೋದ್ರ ಮತ್ತ ಸಿಗೂದಿಲ್ಲ."

ಯಾರೋ ಹೊರಗೆ ಬಂದು ಕಿಟಕಿಯಿಂದಲೇ ಮಾಮಿಯ ಕೈಗೆ ಅಕ್ಷತೆ ಕೊಟ್ಟರಂತೆ. ಮಾಮಿ ಅದನ್ನು ಕಾರಿನ ಒಳಗಿಂದಲೇ, ಮಂಟಪ ಇದ್ದ ದಿಕ್ಕಿಗೆ, ಭಕ್ತಿಯಿಂದ ಬೀಸಿ ಒಗೆದರಂತೆ. ಅರ್ಧ ಬಾನೆಟ್ಟಿನ ಮೇಲೆ ಬಿತ್ತು. "ಹುಡುಗಿಗೆ ಎಷ್ಟು ಬಿತ್ತೋ ಗೊತ್ತಿಲ್ಲ, ಈ ಗಾಡಿಗಂತೂ ಲಗ್ನ ಆತು," ಎಂದು ಮಾಮಿ ಈಗಲೂ ಹೇಳುತ್ತಾರೆ.

ಇಂಥ ಕಾರಿಗೆ ಮೆಕ್ಯಾನಿಕ್ ಎಲ್ಲಿ ಸಿಗಬೇಕು? ಹುನಗುಂದದಲ್ಲಿ ಒಬ್ಬ ಜಾಣ ಇದ್ದಾನೆಂದು ಯಾರೋ ಹೇಳಿದರು. ಅವನು ಬಾನೆಟ್ ಎತ್ತಿದ. ಒಳಗೆ ಹುತ್ತದ ಹಾವುಗಳಂತೆ ಹೆಣೆದುಕೊಂಡಿದ್ದ ರಬ್ಬರ್ ಪೈಪುಗಳನ್ನು ಬಹಳ ಹೊತ್ತು ನೋಡಿದ. ಬಾನೆಟ್ಟನ್ನು ಮೆಲ್ಲಗೆ ಇಳಿಸಿದ. ಕೈ ಮುಗಿದು, "ಸಾಹೇಬ್ರ, ಒಳಗ ಏನೇನು ಅದಾವೋ, ಎಲ್ಲಾ ಸುಖವಾಗಿರ್ಲಿ," ಅಂದ. ಅಂದಿನಿಂದ ಮಾಮಾನೇ ಮೆಕ್ಯಾನಿಕ್. ಪೈಪು ಎಲ್ಲಿ ಸೋರುತ್ತದೆ ಎಂದು ನೋಡಲು ಸಾಬೂನು ನೀರು ಸವರುತ್ತಾರೆ. ಗುಳ್ಳೆ ಎದ್ದಲ್ಲಿ ರೇಷ್ಮೆ ಎಳೆಯಿಂದ ಬಿಗಿದು ಮಗ್ಗದ ಗಂಟು ಹಾಕುತ್ತಾರೆ. ಮುಂದೆ ಹುಬ್ಬಳ್ಳಿಯ ಕಡೆಯ ಒಬ್ಬ ತಿಳಿದವರು ಅದನ್ನು ನೋಡಿ, ಈ ಗಂಟು ಬಿಚ್ಚುವುದು ಹೇಗೆ ಎಂದು ಕೇಳಿದರು. "ಬಿಚ್ಚೂದಿದ್ರ ನಾವು ಯಾಕ ಹಾಕ್ತಿದ್ವಿ?" ಅಂದರು ಮಾಮಾ.

ನಾನು ಈ ಕಥೆಯೊಳಗೆ ಬಂದದ್ದು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮನೆಗೆ ಮರಳಿದ ಮೇಲೆ. ನನ್ನ ಬಗ್ಗೆ ಹೆಚ್ಚು ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ, ಬೇಕಾದಷ್ಟೇ ಹೇಳುತ್ತೇನೆ. ಉಪನ್ಯಾಸಕಿಯ ಕೆಲಸಕ್ಕೆ ಬಾಗಲಕೋಟೆಯಲ್ಲಿ ಎರಡು ಸಂದರ್ಶನ ಕೊಟ್ಟು ಎರಡರಲ್ಲೂ ಬಿದ್ದಿದ್ದೆ. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಅದು ಬಾಯಿಗೆ ಬರುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆ ಕೇಳಿರುತ್ತಿದ್ದರು. ಮೂರನೆಯ ಪ್ರಶ್ನೆಗೆ ನಾನು ಮೊದಲನೆಯದರ ಉತ್ತರ ಕೊಟ್ಟೆ. ಉತ್ತರ ಸರಿಯಿತ್ತು ಎಂಬುದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಮನೆಗೆ ಬಂದವರೆಲ್ಲ ಏನಾಯಿತು, ಯಾಕಾಯಿತು ಎಂದು ಕೇಳಿದರು. ಮಾಮಾ ಕೇಳಲಿಲ್ಲ. ಒಂದು ಸ್ಟಾಪ್‌ವಾಚನ್ನೂ ಒಂದು ನೋಟ್‌ಬುಕ್ಕನ್ನೂ ತಂದು ಕೈಗಿಟ್ಟರು.

"ನನಗ ಗಾಡಿ ಬಗ್ಗೆ ಏನೂ ಗೊತ್ತಿಲ್ರಿ ಮಾಮಾ."

"ಗೊತ್ತಿಲ್ಲ ಅಂತನ ಕೊಟ್ಟೇನಿ. ಗೊತ್ತಿದ್ದಾವರು ಸಲಹೆ ಕೊಡ್ತಾರ."

ಊರ ಹೊರಗೆ ಗ್ರಾನೈಟ್ ಕಲ್ಲು ಪೇರಿಸುತ್ತಿದ್ದ ಒಂದು ಅಂಗಳ ಈಗ ಖಾಲಿ ಬಿದ್ದಿದೆ. ಮಾಮಾ ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾನು ಕಲ್ಲಿನ ಮೇಲೆ ಕುಳಿತು ಸಮಯ ಬರೆಯುತ್ತಿದ್ದೆ. ಹಳೆಯ ಟರ್ಬೊದ ಇನ್ನೊಂದು ಗುಣ ಅಲ್ಲಿ ಕಂಡೆ. ಪೆಡಲ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಕಾರು ಯೋಚಿಸುತ್ತಿರುವಂತೆ ತೋರುತ್ತದೆ. ಇನ್ನೇನು ಕೆಟ್ಟಿದೆ ಎನ್ನುವಷ್ಟರಲ್ಲಿ ಒಮ್ಮೆಲೇ ಜಿಗಿಯುತ್ತದೆ. ಆ ನಡುವಿನ ಕ್ಷಣವನ್ನು ಮಾಮಾ "ತಡಾ" ಎನ್ನುತ್ತಾರೆ. ಒಂದು ದಿನ ಚಹಾ ಕುಡಿಯುತ್ತ, ನನ್ನ ಕಡೆ ನೋಡದೆ, "ನಿನಗೂ ಏನೂ ಕೆಟ್ಟಿಲ್ಲ ಯವ್ವಾ. ತಡಾ ಐತಿ, ಅಷ್ಟ," ಅಂದರು. ಸಂದರ್ಶನದ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಇನ್ನು ಕೋನಿನ ವಿಷಯ. ಮಾಮಾ ಮೊದಲ ಸಲ ಸ್ಪರ್ಧೆಗೆ ಹೆಸರು ಕೊಟ್ಟಾಗ ನಡೆದದ್ದು ಇದು. ಬಾಗಲಕೋಟೆಯ ನವನಗರದ ಆಚೆ ಒಂದು ಮೈದಾನದಲ್ಲಿ ಸ್ಪರ್ಧೆ. ನಡೆಸುವವರು ಹೊರಗಿನವರು. ಅವರಲ್ಲೊಬ್ಬರು ಫೋನ್ ಮಾಡಿ, "ಸಾರ್, ನಮ್ಮ ಹತ್ತಿರ ಕೋನ್ ಕಡಿಮೆ ಇವೆ. ನಿಮ್ಮ ಊರಲ್ಲಿ ಒಂದು ಐವತ್ತು ಸಿಗಬಹುದಾ?" ಎಂದು ಕೇಳಿದರು.

ಇಳಕಲ್ಲಿನಲ್ಲಿ ಕೋನು ಸಿಗುತ್ತದೆಯೇ ಎಂದು ಕೇಳುವುದೆ? ಮಾಮಾಗೆ ಅವಮಾನವೇ ಆಯಿತು. "ಐವತ್ತ ಯಾಕ್ರಿ, ಐನೂರು ತರ್ತೇನಿ. ಯಾವ ಬಣ್ಣ?"

"ಕೆಂಪು ಇಲ್ಲಾ ಕಿತ್ತಳೆ, ಸಾರ್. ದೂರದಿಂದ ಎದ್ದು ಕಾಣಬೇಕು."

ನಮ್ಮ ಊರಿನಲ್ಲಿ ಕೋನು ಎಂದರೆ ನೂಲಿನ ಕೋನು. ಗೇಣುದ್ದದ ಗಟ್ಟಿ ಕಾಗದದ ಕೊಳವೆಗೆ ಸುತ್ತಿದ ನೂಲು. ಅದನ್ನು ಬಿಟ್ಟು ಇನ್ನೊಂದು ಕೋನು ಲೋಕದಲ್ಲಿದೆ ಎಂದು ಇಳಕಲ್ಲಿನಲ್ಲಿ ಯಾರಿಗೂ ತೋಚುವುದಿಲ್ಲ. ಮಾಮಾ ಇಪ್ಪತ್ತೈದು ಕೆಂಪು, ಇಪ್ಪತ್ತೈದು ಕಿತ್ತಳೆ ಆರಿಸಿ, ಬಣ್ಣ ಬಿಡುವುದಿಲ್ಲ ಎಂದು ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿ, ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ಸ್ಪರ್ಧೆಯವರು ಚೀಲದೊಳಗೆ ಇಣುಕಿದರು.

"ಇದೇನು ಸಾರ್?"

"ಕೋನ್."

"ಇದರಲ್ಲಿ ನೂಲಿದೆಯಲ್ಲ?"

"ನೂಲಿಲ್ಲದ ಕೋನ್ ತಗೊಂಡು ಏನ್ ಮಾಡ್ತೀರಿ?"

ಬೇರೆ ದಾರಿ ಇರಲಿಲ್ಲ. ದೊಡ್ಡ ಕೋನುಗಳ ನಡುನಡುವೆ ಇವನ್ನೇ ನಿಲ್ಲಿಸಿದರು. ಮೊದಲ ಕಾರು ಒಂದನ್ನು ಕೆಡವಿತು. ನೂಲಿನ ತುದಿ ಚಕ್ರಕ್ಕೆ ಸಿಕ್ಕಿತು. ಕಾರು ಮುಂದೆ ಹೋದಂತೆ ಕೋನು ಹಿಂದೆ ಗಿರಗಿರ ಬಿಚ್ಚಿಕೊಳ್ಳುತ್ತ ಹೋಯಿತು. ಎರಡನೆಯ ಕಾರು ಎರಡು ಕೆಡವಿತು. ಮಾಮಾ ಐದು. ಮಧ್ಯಾಹ್ನದ ಹೊತ್ತಿಗೆ ಇಡೀ ಮೈದಾನದ ಮೇಲೆ ಕೆಂಪು ಕಿತ್ತಳೆ ಎಳೆಗಳು ಉದ್ದಕ್ಕೂ ಹಾಸಿದ್ದವು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರೆ ಮಾಮಾ ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರಂತೆ. "ಹಾಸು ಛಲೋ ಬಂದೈತಿ," ಅಂದರಂತೆ. "ಇನ್ನ ಅಡ್ಡ ಎರಡು ಗಾಡಿ ಬಿಟ್ರ ಸೀರಿ ಆಗ್ತಿತ್ತು."

ಸಿಕ್ಕುಗಟ್ಟಿದ ನೂಲೆಲ್ಲ ಗೋಣಿಚೀಲದಲ್ಲಿ ಮನೆಗೆ ಬಂತು. ಮಾಮಿ ಚೀಲವನ್ನೂ ಮಾಮಾನನ್ನೂ ನೋಡಿ ಒಂದೇ ಒಂದು ಕಾನೂನು ಮಾಡಿದರು. ಬೀಳಿಸಿದ ಕೋನಿನ ನೂಲನ್ನು ಬೀಳಿಸಿದವರೇ ರಾಟಿಗೆ ಕೂತು ಮತ್ತೆ ಸುತ್ತಬೇಕು. ಹೀಗಾಗಿ ಊರವರಿಗೆಲ್ಲ ಕೋನಿಗೆ ಎರಡು ಸೆಕೆಂಡು ದಂಡವಾದರೆ ನಮ್ಮ ಮಾಮಾಗೆ ಒಂದು ಸಂಜೆ ದಂಡ. ಮುಂದೆ ಸ್ಪರ್ಧೆಯವರು ಬೇರೆ ಕೋನು ತಂದರೂ ಮಾಮಾ ಅಭ್ಯಾಸಕ್ಕೆ ನೂಲಿನ ಕೋನನ್ನು ಬಿಡಲಿಲ್ಲ. ಸಣ್ಣದನ್ನು ತಪ್ಪಿಸಲು ಕಲಿತರೆ ದೊಡ್ಡದು ತಾನಾಗಿ ತಪ್ಪುತ್ತದೆ ಎಂಬುದು ಲೆಕ್ಕ. ಲೆಕ್ಕ ಸರಿಯಿರಲಿಲ್ಲ. ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲೂ ಕೋನು ಬೀಳದ ಸುತ್ತು ಎಂಬುದು ಇರಲಿಲ್ಲ. ಕಡೆಯ ತಿರುವಿನವರೆಗೂ ಚೆನ್ನಾಗಿ ಬಂದು, ಅಲ್ಲಿ ಒಂದನ್ನಾದರೂ ಸವರಿಯೇ ತೀರುತ್ತಿದ್ದರು.

"ನೀವು ಕೋನ್ ನೋಡ್ತೀರಿ ಮಾಮಾ. ದಾರಿ ನೋಡಬೇಕು ಅಂತ ನೀವ ಹೇಳ್ತಿದ್ರಿ."

"ಆ ನೂಲಿಗೆ ಬಣ್ಣ ಎಷ್ಟು ಛಲೋ ಹಿಡದೈತಿ ನೋಡು. ಹ್ಯಾಂಗ ನೋಡದ ಇರ್ಲಿ?"

ಕಪ್ಪಿನ ಆಸೆ ಮಾಮಾಗೆ ಇರಲಿಲ್ಲ. ಒಂದೇ ಒಂದು ಸಲ, ಸ್ಪರ್ಧೆಯ ಮೈದಾನದಲ್ಲಿ, ಎಲ್ಲರೆದುರು, ಒಂದೂ ಕೋನು ಬೀಳದಂತೆ ಸುತ್ತು ಮುಗಿಸಬೇಕು. ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಅದಕ್ಕೆ ಸಮಯವೂ ಉಳಿದಿರಲಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ನೆಲದ ಕುಣಿಗೆ ಕಾಲಿಳಿಸಿ ನೇಯುವ ಕುಣಿ ಮಗ್ಗದಲ್ಲಿ ಕುಳಿತು ಹಲಗೆ ತುಳಿದ ಎಡ ಮೊಣಕಾಲು ಅವರದು. ಈಗ ಸವೆದಿತ್ತು. ಆ ಕಾರಿನ ಕ್ಲಚ್ಚೋ, ಇಬ್ಬರು ಸೇರಿ ಒತ್ತುವಷ್ಟು ಬಿಗಿ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಕುಣಿ ಮಗ್ಗ ಬಿಟ್ರಿ, ಭಾಳ ಛಲೋ ಆತು. ಕ್ಲಚ್ ಯಾವಾಗ ಬಿಡ್ತೀರಿ?" ಎಂದರು. ದಸರೆಯ ಮುಂಚಿನ ಸ್ಪರ್ಧೆಯೇ ಕಡೆಯದು ಎಂದು ಮಾಮಾ ಮಾಮಿಗೆ ಮಾತು ಕೊಟ್ಟರು. ಮಾಮಿ ಆ ದಿನ ಗೆದ್ದ ಮುಖ ಮಾಡಲಿಲ್ಲ. ಒಳಗೆ ಹೋಗಿ ಮೊಣಕಾಲಿಗೆ ಎಣ್ಣೆ ಕಾಯಿಸಿದರು.

ಆ ಸ್ಪರ್ಧೆ ಇದ್ದ ಶನಿವಾರವೇ ಬಾಗಲಕೋಟೆಯಲ್ಲಿ ನನ್ನ ಮೂರನೆಯ ಸಂದರ್ಶನ ಬಂತು. ನನ್ನದು ಬೆಳಿಗ್ಗೆ ಹತ್ತಕ್ಕೆ, ಅವರದು ಮಧ್ಯಾಹ್ನ ಎರಡಕ್ಕೆ. "ಇಷ್ಟು ಹೊಂದಿಕಿ ಜಾತಕದಾಗೂ ಬರೂದಿಲ್ಲ," ಎಂದು ಮಾಮಾ ನನ್ನನ್ನು ಕಾರಿನಲ್ಲೇ ಕರೆದುಕೊಂಡು ಹೋದರು. ಕಾಲೇಜಿನ ಗೇಟಿನಲ್ಲಿ ನಾನು ಇಳಿದೆ, ಎರಡು ನಿಮಿಷದ ನಂತರ.

ಹತ್ತಕ್ಕೆ ಎಂದದ್ದು ಹನ್ನೊಂದಾಯಿತು. ಹನ್ನೆರಡಾಯಿತು. ಒಂದು ಗಂಟೆಗೆ ಒಬ್ಬರು ಬಂದು, ಉಳಿದವರಿಗೆ ಊಟದ ನಂತರ ಎಂದು ಹೇಳಿಹೋದರು. ನಾನು ಗೇಟಿಗೆ ಬಂದೆ. ಮಾಮಾ ಬೇವಿನ ಮರದ ಕೆಳಗೆ ಕಾರಿನ ಕನ್ನಡಿ ಒರೆಸುತ್ತಿದ್ದರು.

"ನನ್ನ ಹೆಸರು ಇನ್ನ ಬಂದಿಲ್ರಿ. ನೀವು ಹೋಗ್ರಿ, ಎರಡಕ್ಕ ನಿಮ್ಮದು ಐತಿ. ಮುಗದ ಮ್ಯಾಲ ನಾ ಆಟೋ ಹಿಡದು ಮೈದಾನಕ್ಕ ಬರ್ತೇನಿ."

"ಹೋಗ್ತೇನಿ," ಅಂದರು. "ಅವರು ಕೇಳಿದ ಕೂಡಲೇ ಹೇಳಬೇಕಂತ ಏನೂ ಇಲ್ಲ. ತಡದ ಹೇಳು."

ನಾನು ಮೆಟ್ಟಿಲು ಹತ್ತುವಾಗ ಕಾರು ಹೊರಟ ಸದ್ದು ಕೇಳಿಸಿತು. ಆ ಸದ್ದು ಬೇರೆ ಯಾವುದರದೂ ಆಗಲು ಸಾಧ್ಯವಿಲ್ಲ.

ಮೂರೂವರೆಗೆ ನನ್ನ ಹೆಸರು ಕರೆದರು. ಮೊದಲ ಪ್ರಶ್ನೆಗೆ ಎಂದಿನಂತೆ ನನ್ನ ಬಾಯಿ ಕಟ್ಟಿತು. ಎರಡನೆಯ ಪ್ರಶ್ನೆ ಬರುವ ಮುಂಚೆ, "ಒಂದು ನಿಮಿಷ ಕೊಡಿ, ಹೇಳುತ್ತೇನೆ," ಎಂದೆ. ನನಗೇ ಆಶ್ಚರ್ಯವಾಯಿತು. ಅವರು ಕೊಟ್ಟರು. ಹಾಗೆ ಕೇಳಿದರೆ ಕೊಡುತ್ತಾರೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಾನು ಈಗ ಪಾಠ ಮಾಡುತ್ತಿರುವುದು ಅದೇ ಕಾಲೇಜಿನಲ್ಲಿ.

ಹೊರಗೆ ಬಂದಾಗ ಕಾರು ಅದೇ ಬೇವಿನ ಮರದ ಕೆಳಗಿತ್ತು. ಮಾಮಾನ ಸುತ್ತು ಮುಗಿದು, ನನ್ನನ್ನು ಕರೆದೊಯ್ಯಲು ಬಂದಿದ್ದಾರೆ ಎಂದುಕೊಂಡೆ. ಛಲೋ ಆಯಿತು ಎಂದು ನಾನು ಹೇಳಿದೆ. ಅವರು ಎರಡು ಸಲ ತಲೆಯಾಡಿಸಿದರು.

"ನಿಮ್ಮದು ಏನಾತ್ರಿ?"

"ಒಂದೂ ಕೋನ್ ಬೀಳಲಿಲ್ಲ."

ನನಗೆ ಸಂದರ್ಶನಕ್ಕಿಂತ ಹೆಚ್ಚು ಖುಷಿಯಾಯಿತು. ಅದನ್ನು ನೋಡಲು ನಾನು ಇರಲಿಲ್ಲ ಎಂದು ಅಷ್ಟೇ ಸಂಕಟವೂ ಆಯಿತು. ನೋಟ್‌ಬುಕ್ ತೆರೆದು, "ಎಷ್ಟು ಸೆಕೆಂಡು?" ಎಂದು ಕೇಳಿದೆ.

"ಅದನ್ನೇನ ಕೇಳ್ತಿ. ಭಾಳ ಹೊತ್ತಾತು."

ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಎರಡು ನಿಮಿಷಕ್ಕೆ ಕುಳಿತಿದ್ದಾಗ ಮಾಮಾಗೆ ಫೋನ್ ಬಂತು. ಅವರದು ಮಗ್ಗದ ಶೆಡ್ಡಿನ ಕಿವಿ, ಫೋನಿನ ಸ್ಪೀಕರ್ ಯಾವಾಗಲೂ ಚಾಲೂ. ಸ್ಪರ್ಧೆ ನಡೆಸುವವರ ದನಿ ಕಾರು ತುಂಬಿತು.

"ಏನು ಸಾರ್, ನಿಮ್ಮ ಹೆಸರು ಕೂಗಿ ಕೂಗಿ ಸಾಕಾಯ್ತು. ಮೂರು ಸುತ್ತೂ ಖಾಲಿ ಹೋದವು. ಗಾಡಿ ಕೆಟ್ಟಿತಾ?"

"ಗಾಡಿಗೆ ಏನೂ ಆಗಿಲ್ರಿ. ಛಲೋ ಐತಿ," ಎಂದು ಮಾಮಾ ಫೋನ್ ಇಟ್ಟರು. ಅಂಗಡಿಯವನು ಬೆಲ್ಲದ ಪಾಕ ಕಲಸುವುದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಒಂದೂ ಕೋನ್ ಬೀಳಲಿಲ್ಲ ಅಂದ್ರಿ," ಎಂದೆ.

"ಬಿತ್ತೇನು? ಸುಳ್ಳು ಹೇಳೇನೇನು?"

"ನೀವು ಹೋದ ಸದ್ದು ನಾ ಕೇಳೇನಿ."

"ಕಾಲೇಜಿಗೆ ಒಂದು ಸುತ್ತು ಹಾಕಿ ಬಂದೆ."

"ಯಾಕ್ರಿ ಮಾಮಾ?"

ಅವರು ಸ್ಟೇರಿಂಗಿನ ಮೇಲೆ ಇಲ್ಲದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಹೋದ ಸಲ ಸಂದರ್ಶನ ಮುಗಿಸಿ ನೀ ಬಾಗಲಕೋಟಿ ಬಸ್ ಸ್ಟ್ಯಾಂಡಿನ್ಯಾಗ ಕುಂತು ಮೂರು ಇಳಕಲ್ ಬಸ್ ಬಿಟ್ಟಿ. ನಾ ಬೇರಿಂಗ್ ತರಾಕ ಬಂದಿದ್ದೆ ಅವತ್ತು. ನಿನ್ನ ಹಿಂದಿನ ಕಂಬದ ಕಡೆ ಇದ್ದೆ."

ಆ ಮಧ್ಯಾಹ್ನದ ಬಗ್ಗೆ ನಾನು ಯಾರಿಗೂ, ಅವ್ವನಿಗೂ, ಹೇಳಿರಲಿಲ್ಲ. "ಮಾತಾಡಿಸಬೇಕಿಲ್ರಿ," ಎಂದೆ.

"ನಿನಗ ಬ್ಯಾಡಾಗಿತ್ತು. ನಾಕನೇ ಬಸ್ಸಿಗೆ ನೀ ಹತ್ತಿದಿ. ನಾನೂ ಹತ್ತಿದೆ, ಕಡೀ ಸೀಟಿನ್ಯಾಗ ಕುಂತೆ. ಊರಾಗ ಇಳಿಯೂ ಮುಂದ ನೋಡ್ತೀ ಅಂತ ಹುನಗುಂದದಾಗ ಇಳದು ಮುಂದಿನ ಬಸ್ ಹಿಡದೆ. ಇವತ್ತೂ ನೀ ಹೊರಗ ಬರೂ ಹೊತ್ತಿಗೆ ಹಂಗ ಆಗಿದ್ರ? ಅದಕ್ಕ ನಿಂತೆ."

ಅವರ ಕೈ ಎಡ ಮೊಣಕಾಲಿನ ಮೇಲಿತ್ತು. ಬಟ್ಟೆಯ ಮೇಲಿನಿಂದಲೇ ಊತ ಕಾಣುತ್ತಿತ್ತು. ಕೃತಜ್ಞತೆ ಹೇಳುವ ಮಾತುಗಳು ನನಗೆ ಗೊತ್ತಿಲ್ಲವೆಂದಲ್ಲ. ಅವು ಬಾಯಿಗೆ ಬರುವಷ್ಟರಲ್ಲಿ ಇಳಕಲ್ಲು ಬಂದಿರುತ್ತಿತ್ತು.

"ಈ ಕಡೆ ಬರ್ರಿ," ಎಂದೆ. "ನಾ ನಡಸ್ತೇನಿ."

ಆ ಕಾರನ್ನು ರಸ್ತೆಯ ಮೇಲೆ ಅವರು ಯಾರ ಕೈಗೂ ಕೊಟ್ಟವರಲ್ಲ. ಗ್ರಾನೈಟ್ ಅಂಗಳದಲ್ಲಿ ನನಗೆ ಹೊಡೆಯಲು ಕಲಿಸಿದ್ದರು, ಅಷ್ಟೇ. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಬಾಗಿಲು ತೆರೆದು, ಕಾರನ್ನು ಹಿಡಿದುಕೊಂಡು ಕುಂಟುತ್ತ ಈಚೆ ಬಂದರು.

ಎರಡು ಸಲ ಬಂದ್ ಬಿದ್ದು ಮೂರನೆಯ ಸಲಕ್ಕೆ ಕಾರು ಹೊರಟಿತು. ಸ್ವಲ್ಪ ದೂರ ಮಾಮಾ, "ಗೇರ್ ಇಳಸು," "ಎಮ್ಮಿ ಅದಾವ," "ಈಗ ಬಿಡು," ಎಂದು ಹೇಳುತ್ತಿದ್ದರು. ಆಮೇಲೆ ದನಿ ನಿಂತಿತು. ಹುನಗುಂದ ದಾಟುವಾಗ ಎಡಕ್ಕೆ ನೋಡಿದೆ. ತಲೆಯನ್ನು ಕಿಟಕಿಗೆ ಆನಿಸಿ, ಕೈ ಮೊಣಕಾಲಿನ ಮೇಲೆಯೇ ಇಟ್ಟುಕೊಂಡು, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು. ಆ ಕಾರಿನೊಳಗೆ ಅವರು ಕಣ್ಣು ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮುಂದಿನ ರಸ್ತೆ ಖಾಲಿ ಇತ್ತು, ನೇರವಾಗಿತ್ತು. ಅಂಥ ರಸ್ತೆಯಲ್ಲಿ ಆ ಕಾರನ್ನು ಮೆಲ್ಲಗೆ ಓಡಿಸುವುದು ಅವರ ದೃಷ್ಟಿಯಲ್ಲಿ ಅಪರಾಧ. ಎಚ್ಚರವಿದ್ದರೆ ಖಂಡಿತ ಬೈಯುತ್ತಿದ್ದರು. ಎತ್ತಿನಗಾಡಿಯೊಂದು ನಮ್ಮನ್ನು ಹಿಂದೆ ಹಾಕೀತೇನೋ ಎನ್ನುವಷ್ಟು ಮೆಲ್ಲಗೆ ನಾನು ಅವರನ್ನು ಮನೆಗೆ ಕರೆದುಕೊಂಡು ಹೋದೆ.